ಮುಖ ನೋಡಿ ಮಣೆ ಹಾಕುವ ಯಂತ್ರ: ‘ಎಂಬತ್ತು ಸಾಕು’ ಅಂದವರು ಯಾರು?

ನಿಮ್ಮ ಮುಖ ಈಗ ನಿಮ್ಮೊಬ್ಬರ ಸ್ವತ್ತಲ್ಲ. ಬೆಳಿಗ್ಗೆ ಎದ್ದು ಫೋನಿಗೆ ಮುಖ ತೋರಿಸುತ್ತೀರಿ, ಅದು ಬಾಗಿಲು ತೆಗೆಯುತ್ತದೆ. ಆಫೀಸಿನ ಗೇಟಿನಲ್ಲಿ ಹಾಜರಿಗಾಗಿ ಮುಖ ತೋರಿಸುತ್ತೀರಿ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ 2022ರ ಡಿಸೆಂಬರ್ 1ರಿಂದ ಡಿಜಿಯಾತ್ರಾ ಬಂದು ಕೂತಿದೆ, ಅಲ್ಲಿ ಮುಖವೇ ಟಿಕೆಟ್ಟು. ಸಂಜೆ ಬ್ರಿಗೇಡ್ ರಸ್ತೆಯಲ್ಲಿ ಅಡ್ಡಾಡುವಾಗ ನೀವು ಯಾರಿಗೂ ಮುಖ ತೋರಿಸಲು ಹೋಗಿರುವುದಿಲ್ಲ. ಆದರೂ ಕಂಬದ ಮೇಲಿನಿಂದ ನೋಡುವುದು ನೋಡುತ್ತಲೇ ಇರುತ್ತದೆ. ನಿರ್ಭಯಾ ನಿಧಿಯ ದುಡ್ಡಿನ ಸೇಫ್ ಸಿಟಿ ಯೋಜನೆ ಒಂದರಲ್ಲೇ ಬೆಂಗಳೂರಿಗೆ 7,000ಕ್ಕೂ ಹೆಚ್ಚು ಕ್ಯಾಮೆರಾಗಳು ಬಂದಿವೆ.

ಮೊದಲ ಮೂರಕ್ಕೆ ನೀವು ಹೂಂ ಅಂದಿದ್ದೀರಿ. ಎರಡನೆಯದಕ್ಕೆ ಸಂಬಳದ ಭಯದಿಂದ ಅಂದಿರಬಹುದು, ಇರಲಿ. ನಾಲ್ಕನೆಯದಕ್ಕೆ ಯಾವಾಗ ಹೂಂ ಅಂದಿರಿ? ಯಾರಾದರೂ ಬಂದು ಕೇಳಿದರೇ?

ಕೇಳಿದರೆ ಸಿಗುವ ಉತ್ತರ ಒಂದೇ: ‘ಕಂಪ್ಯೂಟರ್ ತಾನೇ ಗುರುತು ಹಿಡಿಯುತ್ತೆ ಕಣ್ರೀ, ಅದಕ್ಕೆ ಜಾತಿ ಇಲ್ಲ, ಭಾಷೆ ಇಲ್ಲ, ಪಕ್ಷಪಾತ ಇಲ್ಲ.’ ಈ ಮಾತು ಶುದ್ಧ ಬೊಗಳೆ. ಯಂತ್ರ ಯಾರನ್ನೂ ಗುರುತು ಹಿಡಿಯುವುದಿಲ್ಲ. ಅದು ಒಂದು ಅಂಕಿ ಕೊಡುತ್ತದೆ, ಅಷ್ಟೇ. ಆ ಅಂಕಿ ಇಷ್ಟಿದ್ದರೆ ಸಾಕು, ಇವನೇ ಅವನು ಅಂತ ತೀರ್ಮಾನ ಮಾಡುವುದು ಮನುಷ್ಯ. ಆ ಮನುಷ್ಯ ಯಾರು? ಎಲ್ಲಿ ಕೂತಿದ್ದಾನೆ? ಯಾರಿಗೆ ಲೆಕ್ಕ ಕೊಡುತ್ತಾನೆ? ಇದನ್ನು ಕೇಳಬೇಕಾದರೆ ಮೊದಲು ಆ ಪೆಟ್ಟಿಗೆಯ ಒಳಗೆ ಏನು ನಡೆಯುತ್ತದೆ ಅಂತ ತಿಳಿಯಬೇಕು. ಕಷ್ಟವೇನಿಲ್ಲ. ಗುಣಾಕಾರ, ಸಂಕಲನ ಬಂದರೆ ಸಾಕು.

ನೀವು ನಿಮ್ಮ ಗೆಳೆಯನನ್ನು ಹೇಗೆ ಗುರುತಿಸುತ್ತೀರಿ? ಮೆಜೆಸ್ಟಿಕ್ಕಿನ ಜಂಗುಳಿಯಲ್ಲಿ ಬೆನ್ನು ನೋಡಿದರೂ ‘ಲೇ ಮಗಾ’ ಅಂತ ಕೂಗುತ್ತೀರಿ. ಅವನ ನಡಿಗೆ, ಅವನ ಚೀಲ, ಅವನು ಈ ಹೊತ್ತಿಗೆ ಇಲ್ಲಿಗೆ ಬರುತ್ತಾನೆಂಬ ನೆನಪು, ಎಲ್ಲ ಸೇರಿ ಅವನು. ಯಂತ್ರಕ್ಕೆ ಇದ್ಯಾವುದೂ ಇಲ್ಲ. ಅದು ಚಿತ್ರದಲ್ಲಿ ಮುಖ ಎಲ್ಲಿದೆ ಅಂತ ಹುಡುಕಿ, ಕತ್ತರಿಸಿ, ಎರಡು ಕಣ್ಣೂ ಒಂದೇ ಮಟ್ಟಕ್ಕೆ ಬರುವ ಹಾಗೆ ತಿರುಗಿಸಿ, ಒಂದು ಪುಟ್ಟ ಚೌಕ ಮಾಡುತ್ತದೆ. ರೂಢಿಯಲ್ಲಿರುವ ಒಂದು ಅಳತೆ ಅಡ್ಡಕ್ಕೆ 112 ಚುಕ್ಕಿ, ಉದ್ದಕ್ಕೆ 112 ಚುಕ್ಕಿ. ಪ್ರತಿ ಚುಕ್ಕಿಗೂ ಕೆಂಪೆಷ್ಟು, ಹಸಿರೆಷ್ಟು, ನೀಲಿಯೆಷ್ಟು ಅಂತ ಮೂರು ಅಂಕಿ. ಗುಣಿಸಿ ನೋಡಿ: 37,632. ನಿಮ್ಮ ಅಮ್ಮ ದೃಷ್ಟಿ ತೆಗೆಯುವ ಆ ಮುಖ ಯಂತ್ರದ ಪಾಲಿಗೆ ಇಷ್ಟೇ, 37,632 ಅಂಕಿಗಳ ರಾಶಿ.

ಈ ರಾಶಿಯನ್ನು ಸಾಲಾಗಿ ಕಟ್ಟಿದ ಜರಡಿಗಳಿಗೆ ಸುರಿಯುತ್ತಾರೆ. ಇದಕ್ಕೇ ನ್ಯೂರಲ್ ನೆಟ್‌ವರ್ಕ್ ಅಂತ ದೊಡ್ಡ ಹೆಸರು. ಒಳಗೆ ನರವೂ ಇಲ್ಲ, ಮೆದುಳೂ ಇಲ್ಲ. ಮೊದಲ ಜರಡಿ ಬೆಳಕು-ಕತ್ತಲು ಸೇರುವ ಗೆರೆಗಳನ್ನು ಹಿಡಿಯುತ್ತದೆ. ಮುಂದಿನದು ಆ ಗೆರೆಗಳು ಸೇರಿ ಆದ ಬಾಗು, ಮೂಲೆಗಳನ್ನು. ಅದರ ಮುಂದಿನದು ಕಣ್ಣಿನ ಕೊನೆಯಂಥ, ಹುಬ್ಬಿನಂಥ ಆಕಾರಗಳನ್ನು. ಇನ್ನೂ ಮೇಲಿನ ಜರಡಿಗಳು ಏನು ಹಿಡಿಯುತ್ತವೆ ಅಂತ ಹೇಳಲು ಯಾವ ಭಾಷೆಯಲ್ಲೂ ಪದವಿಲ್ಲ. ಪ್ರತಿ ಜರಡಿಯ ಕಣ್ಣಿನ ಅಳತೆಯೂ ಒಂದು ಅಂಕಿ, ಅದಕ್ಕೆ ‘ತೂಕ’ ಅನ್ನೋಣ. 2014ರಲ್ಲಿ ಫೇಸ್‌ಬುಕ್ ಕಂಪನಿ ಡೀಪ್‌ಫೇಸ್ ಅಂತ ಒಂದು ಯಂತ್ರ ಮಾಡಿತಲ್ಲ, ಅದರಲ್ಲಿ ಇಂಥ ತೂಕಗಳು 12 ಕೋಟಿ ಇದ್ದವು.

ಈ 12 ಕೋಟಿ ತೂಕಗಳನ್ನು ಯಾವ ಇಂಜಿನಿಯರೂ ಕೂತು ಬರೆದಿದ್ದಲ್ಲ. ಯಂತ್ರಕ್ಕೆ ಫೋಟೋ ತೋರಿಸಿ ತೋರಿಸಿ ತಿದ್ದಿದ್ದು. ಹೇಗೆ ಅಂದರೆ, 2015ರಲ್ಲಿ ಗೂಗಲ್‌ನವರು ಫೇಸ್‌ನೆಟ್ ಮಾಡುವಾಗ ಮೂರು ಮೂರು ಫೋಟೋ ಕೊಟ್ಟರು. ಎರಡು ಒಬ್ಬನವೇ, ಮೂರನೆಯದು ಬೇರೆಯವನದು. ಒಬ್ಬನ ಎರಡು ಫೋಟೋಗಳ ಉತ್ತರ ಹತ್ತಿರ ಬರಬೇಕು, ಮೂರನೆಯದು ದೂರ ಹೋಗಬೇಕು. ಬರಲಿಲ್ಲವೋ, ಎಲ್ಲ ತೂಕಗಳನ್ನೂ ರಾಗಿಕಾಳಿನಷ್ಟು ಅತ್ತಿತ್ತ ಸರಿಸು. ಮತ್ತೆ ಮೂರು ಫೋಟೋ. ಮತ್ತೆ ಸರಿಸು. ಹೀಗೆ ಸುಮಾರು 80 ಲಕ್ಷ ಜನರ 10ರಿಂದ 20 ಕೋಟಿ ಮುಖಚಿತ್ರಗಳು! ಕೊನೆಗೆ ಆ ಯಂತ್ರ ಯಾವ ಮುಖವನ್ನು ಕೊಟ್ಟರೂ 128 ಅಂಕಿಗಳ ಒಂದು ಪಟ್ಟಿಯನ್ನು ಉಗುಳುವಂತಾಯಿತು. ಈಗಿನ ಎಷ್ಟೋ ಯಂತ್ರಗಳಲ್ಲಿ ಆ ಪಟ್ಟಿ 512 ಅಂಕಿಗಳದ್ದು.

ಆ ಪಟ್ಟಿಯನ್ನು ಒಂದು ವಿಳಾಸ ಅಂದುಕೊಳ್ಳಿ. ಒಂದೇ ಮುಖದ ಬೇರೆ ಬೇರೆ ಫೋಟೋಗಳಿಗೆ ಅಕ್ಕಪಕ್ಕದ ವಿಳಾಸ ಸಿಗುತ್ತದೆ. ಎರಡು ವಿಳಾಸಗಳ ನಡುವೆ ಎಷ್ಟು ದೂರ ಅಂತ ಅಳೆದು ಯಂತ್ರ ಒಂದು ಅಂಕಿ ಹೇಳುತ್ತದೆ. ಅಲ್ಲಿಗೆ ಯಂತ್ರದ ಕೆಲಸ ಮುಗಿಯಿತು. 128ರಲ್ಲಿ ಮೂಗು ಯಾವುದು, ಗಲ್ಲ ಯಾವುದು ಅಂತ ಕೇಳಿದರೆ ಉತ್ತರವಿಲ್ಲ, ಯಾಕೆಂದರೆ ಯಾವುದೂ ಮೂಗಲ್ಲ, ಯಾವುದೂ ಗಲ್ಲವಲ್ಲ.

ಈಗ ನಾಟಕದ ಎರಡನೇ ಅಂಕ. ಎಷ್ಟು ಹತ್ತಿರವಿದ್ದರೆ ‘ಇವನೇ ಅವನು’? ಇಂಗ್ಲಿಷಿನವರು ಇದಕ್ಕೆ ಥ್ರೆಶೋಲ್ಡ್ ಅನ್ನುತ್ತಾರೆ. ನಮ್ಮ ಹೊಸ್ತಿಲು. ಹೊಸ್ತಿಲು ತಗ್ಗಿಸಿದರೆ ಕಳ್ಳನೂ ಸಿಕ್ಕಿಬೀಳುತ್ತಾನೆ, ಜೊತೆಗೆ ಹತ್ತು ಜನ ನಿರಪರಾಧಿಗಳೂ ಒಳಗೆ ಬೀಳುತ್ತಾರೆ. ಎತ್ತರಿಸಿದರೆ ನಿರಪರಾಧಿಗಳು ಉಳಿಯುತ್ತಾರೆ, ಕಳ್ಳನೂ ತಪ್ಪಿಸಿಕೊಳ್ಳಬಹುದು. ಎಲ್ಲಿಡಬೇಕು ಅನ್ನುವುದು ಗಣಿತದ ಪ್ರಶ್ನೆಯಲ್ಲ ಸ್ವಾಮಿ, ನ್ಯಾಯದ ಪ್ರಶ್ನೆ. ಒಬ್ಬ ಕಳ್ಳನಿಗಾಗಿ ಎಷ್ಟು ಜನ ಅಮಾಯಕರನ್ನು ಸ್ಟೇಷನ್ನಿನ ಬೆಂಚಿನ ಮೇಲೆ ಕೂರಿಸಬಹುದು? ಇದನ್ನು ವಿಧಾನಸೌಧದಲ್ಲಿ ಚರ್ಚಿಸಬೇಕು, ಕೋರ್ಟಿನಲ್ಲಿ ವಾದಿಸಬೇಕು. ಇದನ್ನು ಒಬ್ಬ ಆಪರೇಟರ್ ಮೌಸ್ ಒತ್ತಿ ತೀರ್ಮಾನಿಸುವುದೇ?

ಅಮೆರಿಕದಲ್ಲಿ 2018ರ ಜುಲೈನಲ್ಲಿ ಎಸಿಎಲ್‌ಯು ಎಂಬ ನಾಗರಿಕ ಹಕ್ಕುಗಳ ಸಂಘಟನೆ ಒಂದು ಪರೀಕ್ಷೆ ಮಾಡಿತು. ಅಮೆಜಾನ್ ಕಂಪನಿ ಮಾರುತ್ತಿದ್ದ ರೆಕಗ್ನಿಷನ್ ಎಂಬ ಯಂತ್ರಕ್ಕೆ ಬಂಧಿತರ 25,000 ಫೋಟೋ ತುಂಬಿ, ಅಲ್ಲಿನ ಸಂಸತ್ತಿನ ಸದಸ್ಯರ ಮುಖಗಳನ್ನು ಹುಡುಕಲು ಹೇಳಿತು. 28 ಸಂಸದರು ಬಂಧಿತರ ಪಟ್ಟಿಯಲ್ಲಿ ‘ಸಿಕ್ಕರು’! ಕರಿಯರ ಹಕ್ಕುಗಳಿಗಾಗಿ ಜೀವ ತೇಯ್ದ ಜಾನ್ ಲೂಯಿಸ್ ಕೂಡ ಅದರಲ್ಲಿದ್ದರು. ಸಂಸತ್ತಿನಲ್ಲಿ ಬಿಳಿಯರಲ್ಲದವರ ಪಾಲು ಶೇ. 20 ಇದ್ದರೆ, ತಪ್ಪಾಗಿ ಸಿಕ್ಕವರಲ್ಲಿ ಅವರ ಪಾಲು ಸುಮಾರು ಶೇ. 40. ಅಮೆಜಾನ್ ಏನಂದಿತು ಗೊತ್ತೇ? ನೀವು ಹೊಸ್ತಿಲನ್ನು 80ಕ್ಕೆ ಇಟ್ಟಿದ್ದೀರಿ, ಪೊಲೀಸ್ ಕೆಲಸಕ್ಕೆ 99 ಇಡಬೇಕು ಅಂತ. ಆದರೆ ಆ 80 ಎಸಿಎಲ್‌ಯು ಹುಡುಕಿಕೊಂಡಿದ್ದಲ್ಲ, ಕಂಪನಿಯೇ ಮೊದಲಿನಿಂದ ಇಟ್ಟುಕೊಟ್ಟಿದ್ದು. ಅಂದರೆ ಪೆಟ್ಟಿಗೆ ಬಿಚ್ಚಿದಾಗ 80, ಗಲಾಟೆ ಆದ ಮೇಲೆ 99!

ಅಲ್ಲಿಯದು ನಮಗೇಕೆ ಅನ್ನುತ್ತೀರಾ? ದೆಹಲಿಗೆ ಬನ್ನಿ. 2022ರಲ್ಲಿ ಇಂಟರ್ನೆಟ್ ಫ್ರೀಡಂ ಫೌಂಡೇಶನ್‌ನವರು ಮಾಹಿತಿ ಹಕ್ಕಿನಲ್ಲಿ ಕೇಳಿದಾಗ ದೆಹಲಿ ಪೊಲೀಸರು ಕೊಟ್ಟ ಉತ್ತರ: ಶೇ. 80ಕ್ಕಿಂತ ಹೆಚ್ಚು ಹೋಲಿಕೆ ಬಂದರೆ ಗುರುತು ಸಿಕ್ಕಂತೆ. ಅದೇ 80! ಯಾಕೆ 80? 79 ಯಾಕಲ್ಲ, 95 ಯಾಕಲ್ಲ? ಹೋಗಲಿ, 80ಕ್ಕಿಂತ ಕಡಿಮೆ ಬಂದರೆ ಬಿಟ್ಟುಬಿಡುತ್ತಾರೆಯೇ? ಅದೂ ಇಲ್ಲ. ಅದನ್ನು ತಪ್ಪು ಹೋಲಿಕೆ ಅಂತ ಅವರೇ ಕರೆದು, ಬೇರೆ ಪೂರಕ ಸಾಕ್ಷ್ಯ ಬೇಕು ಅನ್ನುತ್ತಾರೆ. ಮೇಲೆ ಬಿದ್ದರೂ ನೀವೇ, ಕೆಳಗೆ ಬಿದ್ದರೂ ಬಹುಶಃ ನೀವೇ.

ಇಲ್ಲೊಂದು ಮೋಸವನ್ನು ಗಮನಿಸಿ. ‘ಶೇ. 80 ಹೋಲಿಕೆ’ ಅಂದ ಕೂಡಲೇ ನಾವು, ಇವನೇ ಆಗಿರುವ ಸಾಧ್ಯತೆ ನೂರಕ್ಕೆ ಎಂಬತ್ತು ಅಂತ ತಿಳಿಯುತ್ತೇವೆ. ಹಾಗಲ್ಲವೇ ಅಲ್ಲ. ಅದು ಎರಡು ವಿಳಾಸಗಳ ನಡುವಿನ ದೂರವನ್ನು ಒಂದು ಕಂಪನಿ ತನಗೆ ತೋಚಿದ ಕೋಲಿನಲ್ಲಿ ಅಳೆದು ಹೇಳಿದ್ದು. ಇನ್ನೊಂದು ಕಂಪನಿಯ ಕೋಲೇ ಬೇರೆ. ಒಬ್ಬರ ಸೇರು, ಇನ್ನೊಬ್ಬರ ಪಾವು. ಕೋರ್ಟಿನಲ್ಲಿ ‘ಎಂಬತ್ತು’ ಅಂದರೆ ಜಡ್ಜ್ ಸಾಹೇಬರೂ ಪರೀಕ್ಷೆಯ ಅಂಕ ಅಂದುಕೊಂಡಾರು.

ದೆಹಲಿಯ ಆ ಯಂತ್ರ ಬಂದಿದ್ದು ಯಾವುದಕ್ಕೆ? ಕಳೆದುಹೋದ ಮಕ್ಕಳನ್ನು ಹುಡುಕಲು. ಒಳ್ಳೆಯ ಕೆಲಸ, ಯಾರು ಬೇಡ ಅಂತಾರೆ? ಆದರೆ 2019ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಕಲ್ಯಾಣ ಸಚಿವಾಲಯವೇ ದೆಹಲಿ ಹೈಕೋರ್ಟಿಗೆ ಹೇಳಿತು: ಅದರ ನಿಖರತೆ ಶೇ. 1ಕ್ಕಿಂತ ಕಡಿಮೆ, ಗಂಡು ಮಗು ಹೆಣ್ಣು ಮಗು ಅನ್ನುವ ವ್ಯತ್ಯಾಸವೂ ತಿಳಿಯುತ್ತಿಲ್ಲ ಅಂತ. ಸರಿ, ಮೂಲೆಗೆ ಎಸೆದರೇ? ಇಲ್ಲ! 2020ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಗಲಭೆಯಾಯಿತು. ಮಾರ್ಚ್‌ನಲ್ಲಿ ಗೃಹ ಸಚಿವರು ಲೋಕಸಭೆಯಲ್ಲಿ ನಿಂತು, ಮುಖ ಗುರುತಿಸುವ ಸಾಫ್ಟ್‌ವೇರ್‌ಗೆ ಮತದಾರರ ಚೀಟಿ, ಡ್ರೈವಿಂಗ್ ಲೈಸೆನ್ಸಿನ ಮಾಹಿತಿ ತುಂಬಿ 1,100ಕ್ಕೂ ಹೆಚ್ಚು ಜನರನ್ನು ಗುರುತಿಸಿದ್ದೇವೆ ಅಂದರು. ಮತ ಹಾಕಲು ಕೊಟ್ಟ ಫೋಟೋ, ಗಾಡಿ ಓಡಿಸಲು ಕೊಟ್ಟ ಫೋಟೋ! ಗಲಭೆ ಮಾಡಿದವರಿಗೆ ಶಿಕ್ಷೆಯಾಗಲಿ, ತಕರಾರಿಲ್ಲ. ಆದರೆ ಕಳೆದುಹೋದ ಮಕ್ಕಳ ಹೆಸರಿನಲ್ಲಿ ಒಳಬಂದ ಒಂಟೆ ಗುಡಾರವನ್ನೆಲ್ಲ ಆಕ್ರಮಿಸಿತಲ್ಲ, ಅದನ್ನು ಕೇಳಿದವರು ಎಷ್ಟು ಜನ?

‘ನನ್ನ ಫೋನು ದಿನಕ್ಕೆ ನೂರು ಸಲ ನನ್ನನ್ನು ಸರಿಯಾಗಿ ಗುರುತಿಸುತ್ತಲ್ಲ?’ ಅಂತ ನಮ್ಮ ಐಟಿ ಹುಡುಗರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆಪಲ್ ಕಂಪನಿ 2017ರಲ್ಲಿ ಫೇಸ್ ಐಡಿ ತಂದಾಗ, ಬೇರೆ ಯಾರೋ ಒಬ್ಬ ನಿಮ್ಮ ಫೋನನ್ನು ತನ್ನ ಮುಖದಿಂದ ತೆರೆಯುವ ಸಾಧ್ಯತೆ 10 ಲಕ್ಷದಲ್ಲಿ ಒಂದು ಅಂದಿತು. ಅವಳಿಗಳ ಮಾತು ಬೇರೆ. ಅದು ಕತ್ತಲಲ್ಲೂ ಕಾಣುವ 30,000 ಅಗೋಚರ ಚುಕ್ಕಿಗಳನ್ನು ಮುಖದ ಮೇಲೆ ಚೆಲ್ಲಿ, ಮೂಗಿನ ಎತ್ತರ, ಕಣ್ಣಿನ ಗುಳಿ ಎಲ್ಲ ಅಳೆಯುವ ಯಂತ್ರ. ಹೋಲಿಸುವುದೂ ಒಂದೇ ಮುಖದ ಜೊತೆ.

ಈಗ ಅಷ್ಟೇ ಜಾಣ ಯಂತ್ರವನ್ನು ಮೆಜೆಸ್ಟಿಕ್ಕಿನ ಕಂಬಕ್ಕೆ ಕಟ್ಟೋಣ. ಲೆಕ್ಕಕ್ಕಾಗಿ ದಿನಕ್ಕೆ ಒಂದು ಲಕ್ಷ ಮುಖ ಹಾದುಹೋಗುತ್ತವೆ ಅಂದುಕೊಳ್ಳಿ. ಪೊಲೀಸರ ಪಟ್ಟಿಯಲ್ಲಿ 10,000 ಮುಖ ಅಂದುಕೊಳ್ಳಿ. ಪ್ರತಿಯೊಬ್ಬರನ್ನೂ ಪಟ್ಟಿಯ ಪ್ರತಿಯೊಬ್ಬರ ಜೊತೆ ಹೋಲಿಸಬೇಕು. ಒಂದು ಲಕ್ಷ ಗುಣಿಲೆ 10,000, ಅಂದರೆ 100 ಕೋಟಿ ಹೋಲಿಕೆ. 10 ಲಕ್ಷಕ್ಕೊಂದು ತಪ್ಪು ಅಂದರೆ ದಿನಕ್ಕೆ 1,000 ಸುಳ್ಳು ಗಂಟೆ! ನಿಮ್ಮ ಜೇಬಿನಲ್ಲಿ ಭದ್ರತೆ ಕೊಡುವ ಅದೇ ಅಂಕಿ ಕಂಬದ ಮೇಲೆ ದಿನಕ್ಕೆ ಸಾವಿರ ಸಲ ಅಮಾಯಕರತ್ತ ಬೆರಳು ತೋರಿಸುತ್ತದೆ. ಕಂಬದ ಕ್ಯಾಮೆರಾಕ್ಕೋ ಆ 30,000 ಚುಕ್ಕಿಗಳಿಲ್ಲ. ಧೂಳು, ಮಳೆ, ಸಂಜೆಗತ್ತಲು, ಹೆಲ್ಮೆಟ್ಟಿನ ನೆರಳು, ಇವುಗಳ ನಡುವೆ ಅದು ನೋಡಬೇಕು.

ಜರಡಿ ಹೇಗೆ ತಿದ್ದಲ್ಪಟ್ಟಿದೆಯೋ ಹಾಗೇ ಸೋಸುತ್ತದೆ. ಈ ಯಂತ್ರಗಳ ಪರೀಕ್ಷೆಗೆ ವರ್ಷಗಟ್ಟಲೆ ಒರೆಗಲ್ಲಾಗಿದ್ದು 2007ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯ ಮಾಡಿದ ಒಂದು ಫೋಟೋ ರಾಶಿ. 5,749 ಜನರ 13,233 ಫೋಟೋ, ಎಲ್ಲ ಸುದ್ದಿಯಲ್ಲಿದ್ದವರದ್ದು. ಅದರಲ್ಲಿ ಒಬ್ಬರೇ ಒಬ್ಬರ ಫೋಟೋ 530: ಅಧ್ಯಕ್ಷ ಜಾರ್ಜ್ ಬುಷ್! ಈ ರಾಶಿಯಲ್ಲಿ ನೂರಕ್ಕೆ 97, 99 ತೆಗೆದಾಗಲೇ ‘ಯಂತ್ರ ಮನುಷ್ಯನನ್ನು ಸರಿಗಟ್ಟಿತು’ ಅಂತ ಡಂಗುರ ಸಾರಿದ್ದು. ಬುಷ್‌ನನ್ನು ಗುರುತಿಸುವುದು ದೊಡ್ಡ ಮಾತೇ? ನಮ್ಮ ಯಲಹಂಕದ ಟೀ ಅಂಗಡಿಯ ಹುಡುಗನೂ ಗುರುತಿಸುತ್ತಾನೆ.

2018ರಲ್ಲಿ ಜಾಯ್ ಬುಲಾಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಇಬ್ಬರು ಹೆಣ್ಣುಮಕ್ಕಳು, ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ದೊಡ್ಡ ಕಂಪನಿಗಳ ಯಂತ್ರಗಳನ್ನು ಒರೆಗೆ ಹಚ್ಚಿದರು. ಬಿಳಿ ಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಶೇ. 1ಕ್ಕಿಂತ ಕಡಿಮೆ. ಕಪ್ಪು ಮೈಬಣ್ಣದ ಹೆಂಗಸರ ವಿಷಯದಲ್ಲಿ ತಪ್ಪು ಶೇ. 34.7ರವರೆಗೆ. ಇದು ಗುರುತು ಹಿಡಿಯುವ ಯಂತ್ರವಲ್ಲ, ಪಕ್ಕದ ಮನೆಯದು, ಒಪ್ಪೋಣ. ಆದರೆ ಮರುವರ್ಷ, 2019ರ ಡಿಸೆಂಬರ್‌ನಲ್ಲಿ, ಅಮೆರಿಕ ಸರ್ಕಾರದ ಅಳತೆ ಸಂಸ್ಥೆ ನಿಸ್ಟ್ 189 ಗುರುತು ಹಿಡಿಯುವ ಯಂತ್ರಗಳನ್ನು 84 ಲಕ್ಷಕ್ಕೂ ಹೆಚ್ಚು ಜನರ ಫೋಟೋ ಇಟ್ಟು ಪರೀಕ್ಷಿಸಿತು. ಅನೇಕ ಯಂತ್ರಗಳಲ್ಲಿ ಆಫ್ರಿಕಾ, ಪೂರ್ವ ಏಷ್ಯಾದವರನ್ನು ಬೇರೆಯವರೆಂದು ತಪ್ಪಾಗಿ ತಿಳಿಯುವುದು ಬಿಳಿಯರಿಗಿಂತ 10ರಿಂದ 100 ಪಟ್ಟು ಹೆಚ್ಚು! ಚೀನಾದಲ್ಲಿ ತಯಾರಾದ ಕೆಲವು ಯಂತ್ರಗಳು ಮಾತ್ರ ಪೂರ್ವ ಏಷ್ಯಾದ ಮುಖಗಳಲ್ಲಿ ಹಾಗೆ ಎಡವಲಿಲ್ಲ. ಅರ್ಥವಾಯಿತಲ್ಲ? ಮುಖ ನೋಡಿ ಮಣೆ ಹಾಕುವ ಬುದ್ಧಿ ಯಂತ್ರಕ್ಕೆ ಎಲ್ಲಿಂದ ಬಂತು ಅಂತ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಅದೇ ಪರೀಕ್ಷೆಯಲ್ಲಿ ಅತ್ಯುತ್ತಮ ಯಂತ್ರಗಳಲ್ಲಿ ಈ ವ್ಯತ್ಯಾಸ ಬಹಳ ಕಡಿಮೆ ಇತ್ತು, ಆಮೇಲೆ ಯಂತ್ರಗಳು ಇನ್ನೂ ಸುಧಾರಿಸಿವೆ. ಹಾಗಾದರೆ ನಮ್ಮ ಕಂಬಕ್ಕೆ ಬಂದಿರುವುದು ಅತ್ಯುತ್ತಮದ್ದೋ, ಕಡಿಮೆ ಬೆಲೆಯ ಟೆಂಡರಿನದ್ದೋ? ಕನ್ನಡ ನಾಡಿನ ಮುಖಗಳ ಮೇಲೆ, ಬಳ್ಳಾರಿಯ ಬಿಸಿಲಲ್ಲಿ, ಮಡಿಕೇರಿಯ ಮಂಜಿನಲ್ಲಿ ಅದನ್ನು ಪರೀಕ್ಷಿಸಿದ ವರದಿ ಎಲ್ಲಿ? ಇಡಿ, ಮೇಜಿನ ಮೇಲೆ.

‘ತಪ್ಪು ಮಾಡದವನಿಗೆ ಏನ್ರೀ ಭಯ?’ ಅನ್ನುವ ಮಹಾಶಯರಿಗೆ ಡೆಟ್ರಾಯಿಟ್ ನಗರದ ಕಥೆ. 2018ರ ಅಕ್ಟೋಬರ್‌ನಲ್ಲಿ ಅಲ್ಲಿನ ಅಂಗಡಿಯೊಂದರಲ್ಲಿ 3,800 ಡಾಲರ್ ಬೆಲೆಯ ಐದು ಕೈಗಡಿಯಾರ ಕಳುವಾದವು. ಅಂಗಡಿಯ ಕ್ಯಾಮೆರಾದ ಮಸುಕು ಚಿತ್ರವನ್ನು ಯಂತ್ರಕ್ಕೆ ಕೊಟ್ಟರು. ಅದು ಕೊಟ್ಟ ಪಟ್ಟಿಯಲ್ಲಿ ಒಬ್ಬ ಕರಿಯ ಗೃಹಸ್ಥನ ಹಳೆಯ ಡ್ರೈವಿಂಗ್ ಲೈಸೆನ್ಸ್ ಫೋಟೋ ಇತ್ತು. 2020ರ ಜನವರಿಯಲ್ಲಿ ಹೆಂಡತಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳ ಎದುರಿಗೆ, ಮನೆಯ ಅಂಗಳದಲ್ಲೇ ಕೈಕೋಳ. 30 ಗಂಟೆ ಲಾಕಪ್. ವಿಚಾರಣೆಯಲ್ಲಿ ಆತ ಆ ಚಿತ್ರವನ್ನು ತನ್ನ ಮುಖದ ಪಕ್ಕ ಹಿಡಿದು, ಇದು ನಾನಾ ಅಂತ ಕೇಳಿದ. ಕಂಪ್ಯೂಟರ್ ತಪ್ಪು ಮಾಡಿರಬೇಕು ಅನ್ನುವುದು ಪೊಲೀಸರಿಗೆ ಆಗ ಹೊಳೆಯಿತು! ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜಾತಿ. ಅದೇ ವರ್ಷದ ಜೂನ್‌ನಲ್ಲಿ ಆ ಊರಿನ ಪೊಲೀಸ್ ಮುಖ್ಯಸ್ಥರೇ, ಬರೀ ಯಂತ್ರವನ್ನೇ ನಂಬಿದರೆ ನೂರಕ್ಕೆ 96 ಸಲ ತಪ್ಪಾಗುತ್ತದೆ ಅಂತ ಒಪ್ಪಿಕೊಂಡರು. 2023ರ ಫೆಬ್ರವರಿಯಲ್ಲಿ ಅದೇ ಊರಿನ ಪೊಲೀಸರು ಎಂಟು ತಿಂಗಳ ಗರ್ಭಿಣಿಯೊಬ್ಬಳನ್ನು ಕಾರು ಕಸಿದ ಆರೋಪದ ಮೇಲೆ ಹಿಡಿದರು, ಅದೂ ಯಂತ್ರದ ತಪ್ಪೇ. 2024ರ ಜೂನ್‌ನಲ್ಲಿ ನಗರ ಆ ಗೃಹಸ್ಥನಿಗೆ 3 ಲಕ್ಷ ಡಾಲರ್ ಪರಿಹಾರ ಕೊಟ್ಟು, ಇನ್ನು ಯಂತ್ರದ ಮಾತೊಂದನ್ನೇ ನಂಬಿ ಯಾರನ್ನೂ ಬಂಧಿಸುವುದಿಲ್ಲ ಅಂತ ಬರೆದುಕೊಟ್ಟಿತು. ನಮ್ಮಲ್ಲಿ ಹಾಗೆ ಬರೆದುಕೊಟ್ಟವರು ಯಾರು?

‘ಯಾಕೆ ನಾನೇ ಅಂತ ತೋರಿಸಿತು?’ ಅಂತ ಆತ ಕೇಳಿದ್ದರೆ ಯಂತ್ರ ಮಾಡಿದವನೂ ಹೇಳಲಾರ. ಈಗೀಗ ಒಂದು ಉಪಾಯ ಮಾಡಿದ್ದಾರೆ. ಯಂತ್ರ ಮುಖದ ಯಾವ ಭಾಗವನ್ನು ಹೆಚ್ಚು ಲೆಕ್ಕಕ್ಕೆ ತಗೊಂಡಿತು ಅಂತ ಫೋಟೋ ಮೇಲೆ ಕೆಂಪು ಹಳದಿ ಬಳಿದು ತೋರಿಸುತ್ತಾರೆ. ಕಣ್ಣಿನ ಸುತ್ತ ಕೆಂಪು, ಹಣೆಯ ಮೇಲೆ ಹಳದಿ. ನೋಡಲು ಚೆಂದ, ಹೋಳಿ ಹುಣ್ಣಿಮೆಯ ಹಾಗೆ. ಆದರೆ 2018ರಲ್ಲಿ ಸಂಶೋಧಕರು ಇಂಥ ಬಣ್ಣದ ವಿಧಾನಗಳನ್ನು ಪರೀಕ್ಷಿಸುವಾಗ, ಚಿತ್ರ ಗುರುತಿಸುವ ಯಂತ್ರಗಳ ತೂಕಗಳನ್ನೆಲ್ಲ ಕಲಸಿ, ಕಲಿತದ್ದನ್ನೆಲ್ಲ ಅಳಿಸಿ ನೋಡಿದರು. ಆಗಲೂ ಕೆಲವು ವಿಧಾನಗಳು ಹೆಚ್ಚುಕಡಿಮೆ ಅದೇ ಚಿತ್ರ ಬಿಡಿಸಿದವು! ಎಲ್ಲಿ ನೋಡಿತು ಅಂತ ಹೇಳಿದರೂ ಯಾಕೆ ನಂಬಿತು ಅಂತ ಅದು ಹೇಳುವುದಿಲ್ಲ. ಇನ್ನು 2016ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಬಣ್ಣಬಣ್ಣದ ಚಿತ್ತಾರ ಮುದ್ರಿಸಿದ ಕನ್ನಡಕದ ಚೌಕಟ್ಟು ತೊಟ್ಟು ಯಂತ್ರದ ಮುಂದೆ ನಿಂತರು. ಅವರಲ್ಲೊಬ್ಬ ಗಂಡಸನ್ನು ಅದು ಹಾಲಿವುಡ್ ನಟಿ ಮಿಲಾ ಯೋವೊವಿಚ್ ಅಂದಿತು. ಐದು ವರ್ಷದ ಮಗುವೂ ನಗುತ್ತದೆ. ಅದು ಮುಖ ನೋಡುತ್ತಿಲ್ಲ, ಅಂಕಿ ನೋಡುತ್ತಿದೆ ಅನ್ನುವುದಕ್ಕೆ ಇನ್ನೇನು ಪುರಾವೆ ಬೇಕು?

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರಲ್ಲ, ಆ ತೀರ್ಪಿಗೆ ಹೆಸರು ಕೊಟ್ಟ ಅರ್ಜಿದಾರ ಯಾರು? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿರುದ್ಧ ದಿಲ್ಲಿಯ ಕೋರ್ಟಿನ ಮೆಟ್ಟಿಲು ಹತ್ತಿದ ಹಿರಿಯರು. ಇಪ್ಪತ್ತೈದರ ನಿಮಗೆ ಒಂದು ಅರ್ಜಿ ಬರೆಯಲು ಏನು ಧಾಡಿ?

ಬರೆಯಿರಿ. ಮಾಹಿತಿ ಹಕ್ಕು ಕಾಯ್ದೆಯ 6(1)ನೇ ಕಲಂ ಪ್ರಕಾರ ಕನ್ನಡದಲ್ಲೇ ಬರೆಯಬಹುದು, ಇಂಗ್ಲಿಷಿನಲ್ಲಿ ತನ್ನಿ ಅನ್ನುವ ಹಕ್ಕು ಯಾವ ಗುಮಾಸ್ತನಿಗೂ ಇಲ್ಲ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ಇಷ್ಟು ಕೇಳಿ ಸಾಕು: ನಮ್ಮ ನಗರದ ಕ್ಯಾಮೆರಾಗಳಿಗೆ ಜೋಡಿಸಿದ ಮುಖ ಗುರುತಿಸುವ ಸಾಫ್ಟ್‌ವೇರ್ ಯಾವ ಕಂಪನಿಯದು? ಹೋಲಿಕೆಯ ಹೊಸ್ತಿಲು ಎಷ್ಟು, ಅದನ್ನು ನಿಗದಿ ಮಾಡಿದ ಅಧಿಕಾರಿಯ ಹುದ್ದೆ ಯಾವುದು, ಆ ಆದೇಶದ ಪ್ರತಿ ಕೊಡಿ. ಪಟ್ಟಿಯಲ್ಲಿ ಎಷ್ಟು ಮುಖಗಳಿವೆ, ಅವು ಯಾವ ಇಲಾಖೆಯಿಂದ ಬಂದವು? ಇಲ್ಲಿಯವರೆಗೆ ಬಂದ ಎಚ್ಚರಿಕೆಗಳೆಷ್ಟು, ಅದರಲ್ಲಿ ಸುಳ್ಳಾದವು ಎಷ್ಟು? 30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ 19(1)ನೇ ಕಲಂನಡಿ ಮೇಲ್ಮನವಿ ಹಾಕಿ. ಸ್ವೀಕೃತಿಯ ಸೀಲು ಒತ್ತಿಸಿಕೊಳ್ಳದೆ ಕೌಂಟರ್ ಬಿಟ್ಟು ಕದಲಬೇಡಿ.